ಪಾರ್ಕಿನ ಬೆರಕೆ ಸೊಪ್ಪು

ಇದನ್ನು ಹೇಳುವಾಗಲೆಲ್ಲ ನಾನು ಬೆಳಗಿನ ಮಂಜಿನಿಂದ ಶುರು ಮಾಡುತ್ತೇನೆ. ಮಂಜು ಇತ್ತೆಂಬ ಖಾತ್ರಿ ಇಲ್ಲ. ಇದ್ದದ್ದು ಆಯಾಸ, ಅದೊಂದು ನಿಜ.

ಬಂಡಳ್ಳಿಯಿಂದ ಅಕ್ಕ ಕೊಳ್ಳೇಗಾಲದ ನನ್ನ ಮನೆಗೆ ಬಂದು ಉಳಿದಿದ್ದಳು. ಸಕ್ಕರೆ ಕಾಯಿಲೆಗೆ ಒಂದು ಕಾಲ್ಬೆರಳು ಆಗಲೇ ಹೋಗಿತ್ತು. ಗಾಯ ಮಾಗಿದೆ, ಇನ್ನು ದಿನಾ ಅರ್ಧ ಗಂಟೆ ನಿಲ್ಲದೆ ನಡೆಯದಿದ್ದರೆ ಪಾದ ಉಳಿಸುವುದೂ ಕಷ್ಟ ಎಂದಿದ್ದರು ಡಾಕ್ಟರು. ಹೊಸ ಬಡಾವಣೆಯ ಆಚೆ ಕುರುಚಲು ಕಾಡಿಗೆ ಬೇಲಿ ಹಾಕಿ ಟ್ರೀ ಪಾರ್ಕ್ ಮಾಡಿದ್ದರು. ಅಲ್ಲಿಗೆ ಕರೆದುಕೊಂಡು ಹೋದೆ.

"ಕೆಲ್ಸ ಇಲ್ದೆ ಸುಮ್ಕೆ ಯಾಕ್ಲಾ ಸುತ್ತದು? ನೋಡ್ದೋರು ನಗಾಕಿಲ್ವಾ?" ಅಂದಳು.

ಎರಡನೆಯ ದಿನಕ್ಕೇ ಕೆಲಸ ಹುಡುಕಿಕೊಂಡಳು. ಬೇವಿನ ಮರಗಳ ಬುಡದಲ್ಲಿ ಅಣ್ಣೆ, ಗೋಣಿ, ಹೊನಗನ್ನೆ ಸೊಪ್ಪುಗಳು ಬೆಳೆದಿದ್ದವು. ನಾಲ್ಕೈದು ಬಗೆ ಕೂಡದೆ ಬೆರಕೆ ಸೊಪ್ಪಿನ ಬಸ್ಸಾರಿಗೆ ರುಚಿಯಿಲ್ಲ. ಸೆರಗನ್ನು ಮಡಿಲು ಮಾಡಿಕೊಂಡು ಎರಡು ಹೆಜ್ಜೆಗೊಮ್ಮೆ ಬಗ್ಗುವಳು. ಒಂದು ಗಂಟೆಗೆ ಅರ್ಧ ಸುತ್ತೂ ಮುಗಿಯುತ್ತಿರಲಿಲ್ಲ. ನನಗೆ ಯಳಂದೂರಿನ ಆಫೀಸಿಗೆ ಬಸ್ಸು ಹಿಡಿಯಬೇಕು. ದಿನಾ ತಡ, ದಿನಾ ಬೈಗುಳ. ನಿಂತು ನಿಂತು ನಡೆದರೆ ಅವಳ ಕಾಲಿಗೂ ಉಪಯೋಗವಿಲ್ಲ.

ಒಂದು ಬೆಳಿಗ್ಗೆ ಪಾರ್ಕು ಕಾಯುವ ವಾಚರ್ ಬಂದು ಅವಳೆದುರು ನಿಂತ.

"ಅಮ್ಮೋ, ಇದೇನ್ ನಿಮ್ಮೊಲ್ವಾ? ಸುರೀರಿ ಕೆಳುಕ್ಕೆ."

"ಕಳೆ ಕಿತ್ತೋರ್ಗೆ ನೀನೇ ಕೂಲಿ ಕೊಡ್ಬೇಕು ಕಣಪ್ಪ, ಬೈಯ್ತೀಯಲ್ಲಾ!"

ವಾಕಿಂಗ್ ಬಂದಿದ್ದ ಇಬ್ಬರು ಹೆಂಗಸರು ನಕ್ಕರು. ತಮಾಷೆಗೆ ನಕ್ಕರೋ ಅವಳನ್ನು ನೋಡಿ ನಕ್ಕರೋ. ಅಕ್ಕ ಮಡಿಲು ಬಿಚ್ಚಿ ಸುರಿದಳು. ಮರುದಿನ ಬರಲಿಲ್ಲ.

ಕೇಳಿದವರಿಗೆಲ್ಲ ಆ ವಾಚರ್ ಒರಟ ಎಂದು ಹೇಳಿದ್ದೇನೆ. ಹೇಳಿದಷ್ಟು ಸಲವೂ ಅವನ ದನಿ ದೊಡ್ಡದಾಗಿದೆ. ನಿಜಕ್ಕೂ ಮೆಲ್ಲಗೇ ಹೇಳಿದ್ದ. ಹೇಳುವ ಮುಂಚೆ ನನ್ನ ಮುಖವನ್ನೊಮ್ಮೆ ನೋಡಿದ್ದ, ಬೇಡವೆಂದರೆ ಬಿಡುತ್ತೇನೆ ಎನ್ನುವ ಹಾಗೆ. ಯಾಕೆಂದರೆ ಹಿಂದಿನ ದಿನ ಗೇಟಿನ ಹತ್ತಿರ ಅವನನ್ನು ಕರೆದು, ಒಂದು ಸಲ ಗದರಿಸಪ್ಪ, ಆಗಲಾದರೂ ನಡೀತಾಳೆ ಎಂದವನು ನಾನೇ.

ವಾರ ಕಳೆಯಿತು. ಅಕ್ಕ ಜಗಲಿ ಬಿಟ್ಟು ಏಳಲಿಲ್ಲ. ಪಾದ ಊದತೊಡಗಿತು. ನಾನು ಮತ್ತೆ ಅವನ ಹತ್ತಿರ ಹೋಗಿ, ಬಂದು ಸೊಪ್ಪು ಕುಯ್ಕೊಳ್ಳಮ್ಮ ಅಂತ ಒಂದು ಮಾತು ಹೇಳು ಎಂದೆ.

"ಬೈಯಿ ಅಂದೋರು ನೀವು, ಬಾ ಅನ್ನಾಕೂ ನಾನೇಯಾ ಸಾ? ನಿಮ್ಮಕ್ಕ ಅಲ್ವಾ, ನೀವೇ ಏಳಿ."

ಹೇಳಿದೆ. ಎಲ್ಲವನ್ನೂ. ಅವಳು ಜಗಲಿಯಿಂದ ಎದ್ದು ನಿಂತಳು. 'ಎದ್ದು ನಿಂತಳು' ಎಂಬುದು ನಾನು ಸೇರಿಸಿದ್ದಿರಬಹುದು.

"ನನ್ನೆದ್ರುಗೆ ಏಳಾಕೆ ಬಾಯಿರ್ನಿಲ್ವಾ ನಿಂಗೆ? ಕಂಡೋರ ಮುಂದೆ ನನ್ನ ಕಳ್ಳಿ ಮಾಡ್ದೆಯಲ್ಲೋ!"

ಒಳಗೆ ಹೋಗಿ ಚೀಲ ತೆಗೆದುಕೊಂಡು ಬಂದಳು, ಮೆಟ್ಟಿಲಿಳಿದಳು.

"ತಡಿ ಅಕ್ಕ, ಆಟೋ ಕರೀತೀನಿ."

"ನಿನ್ನ ಆಟೋಗೆ ಬೆಂಕಿ ಆಕ."

ಬಸ್‌ ಸ್ಟ್ಯಾಂಡಿನವರೆಗೂ ನಡೆದಳು. ಹತ್ತು ಹೆಜ್ಜೆ ಹಿಂದೆ ನಾನು. ಬಿಸಿಲು, ಧೂಳು, ಲಾರಿಗಳು. ಒಮ್ಮೆಯೂ ನಿಲ್ಲಲಿಲ್ಲ. ನಡುವೆ ಗಡಿಯಾರ ನೋಡಿಕೊಂಡೆ. ಡಾಕ್ಟರು ಹೇಳಿದ ಅರ್ಧ ಗಂಟೆ ದಾಟಿತ್ತು. ಒಳ್ಳೆಯದಾಯಿತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಹನೂರು ಬಸ್ಸು ಹತ್ತಿ ಆಚೆ ಬದಿಯ ಕಿಟಕಿಗೆ ಕುಳಿತಳು. ಬಸ್ಸು ಹೊರಟ ಮೇಲೆ ನೆನಪಾಯಿತು, ಅವಳ ಇನ್ಸುಲಿನ್ ನನ್ನ ಫ್ರಿಜ್ಜಿನಲ್ಲೇ ಇದೆ. ಮನೆಗೆ ಹೋಗಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಮುಂದಿನ ಹನೂರು ಬಸ್ಸಿಗೆ ಕಾದು ಕುಳಿತೆ. ಅಲ್ಲಿಂದ ಬಂಡಳ್ಳಿಗೆ ಬೇರೆ ಬಸ್ಸು. ಅಕ್ಕ ಬಾಗಿಲು ತೆಗೆದಾಗ ಮೊದಲು ಏನು ಹೇಳಬೇಕೆಂದು ಗೊತ್ತಿರಲಿಲ್ಲ.