ಅಳಿಯನಿಗೆ ತಂದ ಬಣ್ಣದ ಪೆಟ್ಟಿಗೆ

ನನ್ನ ಗಂಡ ದೊಡ್ಡ ಕಲಾಪ್ರೇಮಿ ಎಂಬುದು ಮಸ್ಕಿಯ ನಮ್ಮ ಮನೆಯವರಿಗೆ ಗೊತ್ತಾದದ್ದು ಮದುವೆಯಾದ ಮೊದಲ ದೀಪಾವಳಿಯಲ್ಲಿ. ಅದು ರಜಾಕಾರರ ಗದ್ದಲ ಮುಗಿದ ಮರುವರ್ಷ. ಮುಚ್ಚಿದ್ದ ಅಪ್ಪನ ಕಾಳುಕಡಿಯ ಅಡತಿ ಅಂಗಡಿ ಮತ್ತೆ ತೆರೆದಿತ್ತು. ಆ ಖುಷಿಯಲ್ಲಿ ಅಪ್ಪ ಸಿಂಧನೂರಿಗೆ ಹೋಗಿ ಹೊಸ ಅಳಿಯನಿಗೆಂದು ಕಟ್ಟು ಹಾಕಿಸಿದ ಶಿವಪಾರ್ವತಿಯರ ಪಟ ತಂದಿದ್ದ. ಪಾರ್ವತಿಯ ಸೀರೆಗೆ ಜರಿ ಅಂಟಿಸಿ, ಕೊರಳಿಗೆ ಗಾಜಿನ ಮಣಿ ಹಚ್ಚಿದ್ದರು. ಅಳಿಯ ಲಿಂಗಸೂಗೂರಿನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಚಿತ್ರ ಬರೆಯುವವನಿಗೆ ಚಿತ್ರವನ್ನೇ ಕೊಡುವುದು ಚೆಂದ ಎಂದು ಅಪ್ಪ ತಿಳಿದಿದ್ದ.

ಆರತಿ ಮಾಡಿಸಿಕೊಂಡು ಮಣೆಯ ಮೇಲೆ ಕೂತಿದ್ದ ನಮ್ಮವರು ಪಟವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ತುಟಿ ಒಂದು ಕಡೆಗೆ ಸೊಟ್ಟಗಾಯಿತು.

"ಮಾವಾರ, ಇದು ಚಿತ್ರ ಅಲ್ರಿ. ಬಳೆಗಾರನ ಅಂಗಡಿ," ಎಂದರು.

ಪಕ್ಕದಲ್ಲಿ ಸಂತೆಕಲ್ಲೂರಿನ ನನ್ನ ಭಾವ, ಅಂದರೆ ಅಕ್ಕನ ಗಂಡ, ತನಗೆ ಕೊಟ್ಟ ಧೋತರ ಜೋಡಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವನಿಗೆ ನಗು ಬಂತು, ತಡೆದುಕೊಂಡ. ಅಪ್ಪ ಮಾತ್ರ ಗಂಭೀರವಾಗಿ, "ಹೌದೇನ್ರಿ? ನಮಗ ತಿಳೀಲಿಲ್ಲ ನೋಡ್ರಿ. ನಾವು ಜ್ವಾಳ ಶೇಂಗಾ ನೋಡೋ ಮಂದಿ," ಎಂದು ಪಟವನ್ನು ತಾನೇ ಎತ್ತಿ ಒಳಗೆ ಇಟ್ಟ. ಅವ್ವನ ಮುಖ ಸಣ್ಣದಾಯಿತು. ನಿಜ ಹೇಳಬೇಕೆಂದರೆ ಆ ದಿನ ನನಗೆ ನೋವಾಗಲಿಲ್ಲ. ಇಷ್ಟು ದೊಡ್ಡ ಕಣ್ಣುಳ್ಳವನ ಕೈ ಹಿಡಿದೆನಲ್ಲ ಎಂದು ಒಳಗೊಳಗೇ ಉಬ್ಬಿದೆ.

ಲಿಂಗಸೂಗೂರಿನಲ್ಲಿ ನಮ್ಮ ಮನೆ ಹಳೆಯ ದಂಡಿನ ಛಾವಣಿಯ ಕಡೆ ಇತ್ತು. ಎರಡು ಕೋಣೆ, ಮುಂದೆ ಒಂದು ಪಡಸಾಲೆ. ಪಡಸಾಲೆಯ ಗೋಡೆಗೆ ಒಂದೇ ಒಂದು ಚಿತ್ರ. ಹೈದರಾಬಾದಿನಲ್ಲಿ ಕಲಿಯುವಾಗ ಇವರು ಪೆನ್ಸಿಲಿನಲ್ಲಿ ಬರೆದದ್ದು. ಕೆರೆಯ ದಂಡೆ, ದಂಡೆಯ ಮೇಲೊಂದು ಬೇವಿನ ಗಿಡ, ಗಿಡದ ಕೆಳಗೆ ಒಬ್ಬ ಮುದುಕ. ಚೆನ್ನಾಗಿಯೇ ಇತ್ತು. ಬಂದವರೆಲ್ಲ ಅದನ್ನು ನೋಡಲೇಬೇಕು. ನೋಡಿ ಹೊಗಳಿದ ಮೇಲೆ ಇವರು ಕುರ್ಚಿಗೆ ಒರಗಿ ಶುರು ಮಾಡುತ್ತಿದ್ದರು.

"ಏನ್ ಮಾಡೂದ್ರಿ, ಈ ಊರಾಗ ಏನ್ ಸಿಗತೈತಿ? ಎಣ್ಣೆಬಣ್ಣ ಇಲ್ಲ, ಕುಂಚ ಇಲ್ಲ, ಚಿತ್ರ ಬರಿಯೂ ಬಟ್ಟಿ ಇಲ್ಲ. ನನ್ನ ಜೋಡಿ ಕಲತವರು ಇವತ್ತ ಮುಂಬಯಿಯೊಳಗ ಹೆಸರು ಮಾಡ್ಯಾರ. ನಾ ಇಲ್ಲಿ ಹುಡುಗರಿಗೆ ಮಾವಿನಕಾಯಿ ಬರ‍್ಯಾಕ ಕಲಸಾಕತ್ತೀನಿ."

ಕೇಳಿದವರು ಲೊಚಗುಟ್ಟುತ್ತಿದ್ದರು. ನಾನು ಒಳಗೆ ಚಹಾ ಸೋಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದೆ. ಬೆಳಿಗ್ಗೆ ನಾನು ಅಂಗಳಕ್ಕೆ ಹಾಕಿದ ರಂಗೋಲಿಯನ್ನು ಅವರು ದಾಟಿ ಹೋಗುವಾಗ "ಅಳತಿ ತಪ್ಪೈತಿ" ಎಂದರೆ, ತಪ್ಪಿದೆ ಎಂದೇ ನಂಬಿ ಅಳಿಸುತ್ತಿದ್ದೆ. ಕ್ರಮೇಣ ಹಾಕುವುದನ್ನೇ ಬಿಟ್ಟೆ. ಬಾಗಿಲಿಗೆ ನಾಲ್ಕು ಗೆರೆ ಎಳೆದರೆ ಮುಗಿಯಿತು. ಕುಪ್ಪಸಕ್ಕೆ ಕಸೂತಿ ಹಾಕುವುದನ್ನೂ ಬಿಟ್ಟೆ.

ಮರುವರ್ಷ ಅಜ್ಜಿ ತೀರಿಕೊಂಡಳು, ತವರಿನಲ್ಲಿ ಹಬ್ಬ ಇರಲಿಲ್ಲ. ಅದರ ಮುಂದಿನ ದೀಪಾವಳಿಗೆ ಇನ್ನೂ ತಿಂಗಳಿರುವಾಗಲೇ ಅಪ್ಪ ಬಸ್ಸು ಹತ್ತಿ ಬಂದ. ಅಳಿಯ ಶಾಲೆಗೆ ಹೋದ ಹೊತ್ತು ನೋಡಿ ಬಂದಿದ್ದ. ಹೊಸ್ತಿಲ ಒಳಗೆ ಕೂತು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಯವ್ವಾ, ಈ ಸಲ ನನ್ನ ಮರ್ಯಾದಿ ಕಳೀಬ್ಯಾಡ. ಆತಗ ಏನ್ ಸೇರತೈತಿ, ಬಾಯಿ ಬಿಟ್ಟು ಹೇಳು."

"ಎಣ್ಣೆಬಣ್ಣ ಅಂತಪ್ಪ. ಅದರಾಗ ಚಿತ್ರ ಬರೀತಾರಂತ. ಇಲ್ಲೆಲ್ಲೂ ಸಿಗೂದಿಲ್ಲ. ಅದೊಂದಿದ್ರ ಅವರು ಎಲ್ಲೋ ಇರತಿದ್ರು."

"ರಾಯಚೂರಾಗ ಸಿಗತೈತೇನು?"

"ಮುಂಬಯಿಯೊಳಗಂತ."

ಅಪ್ಪ ಮೊಣಕಾಲ ಮೇಲಿನ ಟೋಪಿ ಎತ್ತಿ ತಲೆಗಿಟ್ಟುಕೊಂಡ. ಅವನು ರಾಯಚೂರು ದಾಟಿದವನಲ್ಲ. ಆಮೇಲೆ ಎದ್ದು, "ಆತು ಬಿಡು," ಎಂದ.

ಸಿಂಧನೂರಿನ ಹತ್ತಿ ದಲಾಲಿ ಒಬ್ಬ ಅಪ್ಪನ ಹಳೆಯ ಗೆಳೆಯ. ವ್ಯಾಪಾರಕ್ಕೆಂದು ಆಗಾಗ ಮುಂಬಯಿಗೆ ಹೋಗಿ ಬರುತ್ತಿದ್ದ. ನಾವು ಅವನನ್ನು ದಲಾಲಿ ಕಾಕಾ ಎನ್ನುತ್ತಿದ್ದೆವು. ಅಪ್ಪ ಅವನ ಬೆನ್ನು ಹತ್ತಿ ರೈಲು ಏರಿದ. ಅಲ್ಲಿ ದೊಡ್ಡ ಅಂಗಡಿಯೊಳಗೆ ನಿಂತು, ಗಾಜಿನ ಕಪಾಟುಗಳ ಸಾಲು ನೋಡಿ ಗಾಬರಿಯಾಗಿ, ಬಂದಷ್ಟು ಉರ್ದುವಿನಲ್ಲಿ, "ದೊಡ್ಡ ದೊಡ್ಡ ಚಿತ್ರಗಾರರು ಏನ್ ಒಯ್ತಾರ, ಅದನ್ನ ಕೊಡ್ರಿ. ಕಡಿಮಿದು ಬ್ಯಾಡ," ಎಂದು ಕೇಳಿದನಂತೆ. ಅಂಗಡಿಯವರು ನಕ್ಕರಂತೆ. ಅದನ್ನು ಅಪ್ಪ ನನಗೆ ಎಷ್ಟು ಸಲ ಹೇಳಿದ್ದಾನೋ. ಹೇಳುವಾಗಲೆಲ್ಲ ತಾನೂ ನಗುತ್ತಿದ್ದ. ಹಿಂದಿರುಗುವಾಗ ಪೆಟ್ಟಿಗೆಯನ್ನು ರೈಲಿನಲ್ಲಿ ಮೇಲಿಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದನೆಂದು ದಲಾಲಿ ಕಾಕಾ ಹೇಳಿದ.

ಆ ದೀಪಾವಳಿಯ ಪಾಡ್ಯದ ದಿನ ಪೆಟ್ಟಿಗೆ ತೆರೆದಾಗ ಮನೆ ತುಂಬ ಜನ. ನಯವಾದ ಮರದ ಪೆಟ್ಟಿಗೆ, ಒಳಗೆ ತಗಡಿನ ಕೊಳವೆಗಳಲ್ಲಿ ಬಣ್ಣಗಳು ಸಾಲಾಗಿ ಮಲಗಿದ್ದವು. ಕುಂಚಗಳು, ಬಣ್ಣ ಕಲಸುವ ಹಲಗೆ, ಸುರುಳಿ ಸುತ್ತಿದ ಬಟ್ಟೆ, ಚಿತ್ರ ನಿಲ್ಲಿಸುವ ಮೂರು ಕಾಲಿನ ಕಟ್ಟಿಗೆ. ಅಪ್ಪ ಅಳಿಯನ ಬಾಯಿಯನ್ನೇ ನೋಡುತ್ತಿದ್ದ. ನಮ್ಮವರು ಒಂದು ಕೊಳವೆ ಎತ್ತಿ ನೋಡಿ, ಮತ್ತೆ ಅದೇ ಜಾಗದಲ್ಲಿ ಇಟ್ಟರು. ಮುಖ ಬಿಳಚಿಕೊಂಡಿತ್ತು. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡೆ.

"ಸರಿ ಐತೇನ್ರಿ?" ಎಂದ ಅಪ್ಪ.

"ಹೂಂ. ಸರಿ ಐತಿ," ಎಂದರು ಇವರು.

"ಇನ್ನ ಬರೀರಿ ನೋಡ್ರಿ. ಯಾರೂ ತಡಿಯವರಿಲ್ಲ."

ಮೆಚ್ಚಿ ಕೊಟ್ಟವನ ಮಾತದು. ಅದು ಅವರಿಗೆ ಹೇಗೆ ಕೇಳಿಸಿತೋ ಎಂದು ಯೋಚಿಸುವ ಬುದ್ಧಿ ನನಗೆ ಬಂದದ್ದು ಬಹಳ ತಡವಾಗಿ.

ಮನೆಗೆ ಬಂದ ಮೇಲೆ ಪಡಸಾಲೆಯ ಒಂದು ಮೂಲೆ ಗುಡಿಸಿ ಸಾರಿಸಿ ಅಣಿ ಮಾಡಿದೆ. ಕಟ್ಟಿಗೆಯ ಮೇಲೆ ಬಿಳಿ ಬಟ್ಟೆ ಬಿಗಿದು ನಿಲ್ಲಿಸಿದರು. ಒಂದು ವಾರ ಅದು ಹಾಗೇ ನಿಂತಿತು. ಕೇಳಿದರೆ, ಬೆಳಕು ಸರಿ ಇಲ್ಲ ಎಂದರು. ಕಟ್ಟಿಗೆಯನ್ನು ಒಳಕೋಣೆಗೆ ಸರಿಸಿದೆವು. ಅಲ್ಲಿ ಒಲೆಯ ಹೊಗೆ. ಮತ್ತೆ ಪಡಸಾಲೆಗೆ ತಂದರೆ ರಸ್ತೆಯ ಗದ್ದಲ. ಬೇಸಿಗೆ ಬಂತು, ಬಿಸಿಲಿಗೆ ಬಣ್ಣ ಕೂರುವುದಿಲ್ಲ ಎಂದರು. ಆ ನಡುವೆ ನಾನು ಬಸುರಾದೆ. ಮನೆಯಲ್ಲಿ ಬಸುರಿಯ ನರಳಾಟ ಇದ್ದರೆ ಮನಸ್ಸು ನಿಲ್ಲುವುದಿಲ್ಲ ಎಂದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದೆ.

ಒಂದು ರಜೆಯ ಮಧ್ಯಾಹ್ನ ಮಜ್ಜಿಗೆ ಕೊಡಲು ಪಡಸಾಲೆಗೆ ಬಂದೆ. ಅವರು ಬಿಳಿ ಬಟ್ಟೆಯ ಮುಂದೆ ಕೂತಿದ್ದರು. ಕೈಯಲ್ಲಿ ಕುಂಚ, ಕುಂಚದ ತುದಿಗೆ ಹಸಿರು ಬಣ್ಣ. ಬಟ್ಟೆಯ ನಡುವೆ ಬೇವಿನ ಗಿಡದಂಥದ್ದೇನೋ ಒಂದು ಮುದ್ದೆಯಾಗಿ ಬಿದ್ದಿತ್ತು. ಶಾಲೆಯ ಹುಡುಗ ಬರೆದರೂ ಅದಕ್ಕಿಂತ ಚೆನ್ನಾಗಿರುತ್ತಿತ್ತು. ಅವರ ಕುತ್ತಿಗೆಯೆಲ್ಲ ಬೆವತಿತ್ತು. ನಾನು ಬಂದದ್ದು ತಿಳಿದು ತಿರುಗಿದರು.

"ಯಾಕ ಬಂದಿ?"

"ಮಜ್ಜಿಗಿ..."

"ಒಳಗ ನಡಿ! ನಿನಗ ಯಾರು ಕರದಾರ?"

ಸಂಜೆ ಹೊರಗೆ ಬಂದಾಗ ಸೀಮೆಎಣ್ಣೆಯ ವಾಸನೆ. ಬಟ್ಟೆಯನ್ನು ಒರೆಸಿ ಬಿಚ್ಚಿದ್ದರು. ಪೆಟ್ಟಿಗೆ, ಕಟ್ಟಿಗೆ ಎರಡೂ ಅಟ್ಟ ಸೇರಿದ್ದವು. ಪೆನ್ಸಿಲಿನ ಕೆರೆಯ ಚಿತ್ರ ಮಾತ್ರ ಗೋಡೆಯ ಮೇಲಿತ್ತು. ಆದರೆ ಬಂದವರಿಗೆ ಅದನ್ನು ತೋರಿಸುವುದನ್ನು ನಿಲ್ಲಿಸಿದರು. ನನ್ನ ಜೊತೆ ಮಾತೂ ಕಡಿಮೆಯಾಯಿತು. ಮುಂದಿನ ದೀಪಾವಳಿಗೆ ಶಾಲೆಯ ಕೆಲಸ ಇದೆ ಎಂದು ಮಸ್ಕಿಗೆ ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಅದರ ಮುಂದಿನದಕ್ಕೂ ಹಾಗೇ ಆಯಿತು. ಅಪ್ಪನೇ ಹೋಳಿಗೆಯ ಗಂಟು ಹೊತ್ತು ಬಂದು ಕೊಟ್ಟು ಹೋಗುತ್ತಿದ್ದ. ಬಂದಾಗಲೆಲ್ಲ ಅಂಗಳದಿಂದಲೇ, "ಚಿತ್ರ ಎಲ್ಲೀತನಕ ಬಂತ್ರಿ?" ಎನ್ನುತ್ತಿದ್ದ. ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದರು.

ಮಸ್ಕಿಯ ಬಜಾರಿನಲ್ಲಿ ಅಳಿಯ ಮುಂಬಯಿ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದಾನೆ ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದ. ಒಂದು ದಿನ ದಲಾಲಿ ಕಾಕಾನನ್ನು ಕರೆದುಕೊಂಡು ಲಿಂಗಸೂಗೂರಿಗೇ ಬಂದುಬಿಟ್ಟ. ನನ್ನ ಮಗಳು ಆಗ ಅಂಬೆಗಾಲಿಡುತ್ತಿದ್ದಳು. ಇವರಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ, ಶಾಲೆಗೆ ರಜೆ.

"ತೋರಸ್ರಿ ಮಾಸ್ತರ, ನಿಮ್ಮ ಮಾವ ತಲಿ ತಿಂದಾನ," ಎಂದ ಕಾಕಾ ನಗುತ್ತ.

ಇವರು ಗೋಡೆ ನೋಡಿದರು. ಆಮೇಲೆ ತಣ್ಣಗೆ ಹೇಳಿದರು. "ಏನ್ ತೋರಸ್ಲಿ? ಬಣ್ಣ ಖೊಟ್ಟಿ ಇದ್ವು. ಬಟ್ಟಿ ಮ್ಯಾಲ ನಿಲ್ಲಲಿಲ್ಲ. ಹಳ್ಳಿ ಮಂದಿ ಅಂತ ಅಂಗಡ್ಯಾವ ಮಾವಾರಿಗೆ ಟೋಪಿ ಹಾಕ್ಯಾನ. ಬೀಸಾಡಿದೆ."

ಕಾಕಾನ ನಗು ಹೋಯಿತು. "ಮಾಸ್ತರ, ಮಾತು ನೋಡಿ ಆಡ್ರಿ. ನಾನೇ ಮುಂದ ನಿಂತು ಕೊಡಿಸೀನಿ. ಅದು ಅಂಥಾ ಇಂಥಾ ಅಂಗಡಿ ಅಲ್ಲ."

"ಹಂಗಾದ್ರ ನಿಮಗೂ ಟೋಪಿ ಹಾಕ್ಯಾನ. ಇಲ್ಲಾ ನಿಮ್ಮ ದಲಾಲಿ ಅದರಾಗೂ ಇತ್ತೇನೋ."

ಕಾಕಾ ಎದ್ದು ನಿಂತ. ಅವನ ಕಣ್ಣು ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದ ನನ್ನ ಮೇಲೆ ಬಿತ್ತು. "ತಂಗಿ, ನೀ ಹೇಳು. ಬಣ್ಣ ಖೊಟ್ಟಿ ಇದ್ವೇನು? ಬೀಸಾಡ್ಯಾರೇನು?"

ಬಾಯಿ ತೆರೆದಿದ್ದರೆ ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಅಪ್ಪ ನನ್ನ ಮುಖ ನೋಡಿದ. ಒಂದು ಗಳಿಗೆ ನೋಡಿದ, ಅಷ್ಟೇ. ಕೂಡಲೇ ಎದ್ದು ಕಾಕಾನ ತೋಳು ಹಿಡಿದ.

"ಆಕೀನ್ಯಾಕ ಕೇಳ್ತಿ? ನಾನೇ ಮೋಸ ಹೋಗೀನಿ. ನನಗ ಬಣ್ಣ ತಿಳೀತಾವೇನು? ನಡಿ, ಬಸ್ಸಿಗೆ ಹೊತ್ತಾತು."

"ನಿನ್ನ ಮ್ಯಾಲಲ್ಲ, ನನ್ನ ಮ್ಯಾಲ ಮಾತು ಬಂದೈತಿ," ಎಂದ ಕಾಕಾ. ಚಹಾ ಮುಟ್ಟದೆ ಇಳಿದು ಹೋದ. ಅಪ್ಪನ ಜೊತೆಗಿನ ಅವನ ವ್ಯವಹಾರ ಆ ವರ್ಷವೇ ನಿಂತಿತು. ಎದುರಿಗೆ ಸಿಕ್ಕರೆ ತಲೆಯಾಡಿಸುತ್ತಿದ್ದನಂತೆ, ಮಾತಿಲ್ಲ.

ಬೀದಿಯ ತಿರುವಿನವರೆಗೆ ಮಗುವನ್ನು ಎತ್ತಿಕೊಂಡು ಅಪ್ಪನ ಹಿಂದೆ ಹೋದೆ.

"ಅಪ್ಪ, ಪೆಟ್ಟಿಗಿ ಅಟ್ಟದ ಮ್ಯಾಲ ಐತಿ," ಎಂದೆ.

"ಗೊತ್ತಾತು, ಯವ್ವಾ."

"ಒಮ್ಮಿ ಬರದು ನೋಡಿದ್ರು. ಬರಲಿಲ್ಲ ಅವರಿಗೆ."

"ಅದೂ ಗೊತ್ತಾತು. ಇನ್ನೊಮ್ಮಿ ಬಾಯಾಗ ತರಬ್ಯಾಡ, ಅವ್ವನ ಮುಂದೂ ಹೇಳಬ್ಯಾಡ. ನೀ ಆತನ ಜೋಡಿ ಬಾಳ್ವೆ ಮಾಡಬೇಕು." ಮಗುವಿನ ಕೆನ್ನೆ ಮುಟ್ಟಿ, "ನಾ ಅದನ್ನ ಕೊಡಬಾರದಿತ್ತು," ಎಂದ. ಅಷ್ಟು ದೂರ ಹೋಗಿ, ನಾಲ್ಕು ಜನರ ಕೈಲಿ ನಗಿಸಿಕೊಂಡು ತಂದವನು ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಹೋದ.

ಆ ದೀಪಾವಳಿಗೆ ಮಸ್ಕಿಯಿಂದ ಕರೆ ಬಂತು. ಹೇಗೋ ಇವರು ಒಪ್ಪಿದರು. ಅಪ್ಪ ಯಾರನ್ನೂ ಏನೂ ಕೇಳದೆ ಇಬ್ಬರು ಅಳಿಯಂದಿರಿಗೂ ಒಂದೇ ಥರದ ಜರಿ ಅಂಚಿನ ಧೋತರ, ಒಂದೇ ಥರದ ಶಲ್ಯ ತಂದಿಟ್ಟಿದ್ದ. ಬಿಚ್ಚಿ ನೋಡುವಾಗ ನಾನು ಉಸಿರು ಹಿಡಿದು ನಿಂತೆ. ಇವರು ಅಂಚನ್ನು ಬೆರಳಲ್ಲಿ ಸವರಿ, "ಭಾಳ ಚಲೋ ಐತ್ರಿ ಮಾವಾರ," ಎಂದರು. ಅಲ್ಲೇ ಉಟ್ಟುಕೊಂಡರು. ಭಾವನ ಜೊತೆ ಕೂತು ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು ತಿಂದರು, ನಕ್ಕರು. ಮದುವೆಯಾದಂದಿನಿಂದ ನನ್ನ ತವರಿನಲ್ಲಿ ಅವರು ಅಷ್ಟು ಹಗುರಾಗಿ ಇದ್ದದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ತುಪ್ಪ ಬಡಿಸುತ್ತಿದ್ದ. ಅವನು ನಗಲಿಲ್ಲ.

ಅವ್ವ ನನಗೊಂದು ಸೀರೆ ಕೊಟ್ಟಳು, ಪ್ರತಿ ಸಲದ ಹಾಗೆ. ಯಾವ ಬಣ್ಣ ಎಂದು ಇಂದು ನೆನಪಿಲ್ಲ. ನಿನಗೆ ಏನು ಸೇರುತ್ತದೆ ಎಂದು ನನ್ನನ್ನು ಅಪ್ಪ ಒಮ್ಮೆಯೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕರ್ನಾಟಕ ಒಂದಾದ ವರ್ಷ ಇವರಿಗೆ ಸಿಂಧನೂರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿದರು. ಹಬ್ಬದ ನೆಪ ಮಾಡಿ ಅದನ್ನು ತಮ್ಮ ಮೇಲಿನ ಅಧಿಕಾರಿಯೊಬ್ಬರಿಗೆ ಕೊಟ್ಟರು. ಅವರಿಗೂ ಚಿತ್ರಕಲೆ ಎಂದರೆ ಪ್ರಾಣವಂತೆ. ನಮ್ಮ ಪಡಸಾಲೆಯಲ್ಲೇ ಕೊಟ್ಟದ್ದು, ನಾನು ಒಳಗಿದ್ದೆ.

"ಖಾಸ್ ಮುಂಬಯಿ ಮಾಲ್ ಸಾಹೇಬ್ರ. ಇದಕ್ಕಿಂತ ಚಲೋದು ಹಿಂದುಸ್ತಾನದಾಗ ಸಿಗೂದಿಲ್ಲ," ಎಂದು ಹೇಳುವುದು ಕೇಳಿಸಿತು.

ಸಿಂಧನೂರಿನ ಮನೆ ಗಾಳಿ ಬೆಳಕಿನದು. ಆಚೆ ಕಾಲುವೆಯ ನೀರು ಬಂದು ಭತ್ತ ಹಚ್ಚತೊಡಗಿದ್ದರು. ಕಿಟಕಿಯಿಂದ ಹಸಿರು ಕಾಣುತ್ತಿತ್ತು. ಹೊಸ ಶಾಲೆಯ ಮಾಸ್ತರುಗಳು ಪರಿಚಯಕ್ಕೆ ಬಂದರು. ಕೆರೆಯ ಚಿತ್ರ ಮತ್ತೆ ಗೋಡೆ ಏರಿತ್ತು. ಅವರು ಹೊಗಳಿದರು. ಇವರು ಕುರ್ಚಿಗೆ ಒರಗಿದರು.

"ಏನ್ ಮಾಡೂದ್ರಿ? ಲಿಂಗಸೂಗೂರಾಗ ಬಣ್ಣ ಇದ್ವು, ಬೆಳಕು ಇರಲಿಲ್ಲ. ಇಲ್ಲಿ ಬೆಳಕು ಐತಿ, ಬಣ್ಣ ಎಲ್ಲಿಂದ ತರಲಿ?"

ಮಾಸ್ತರುಗಳು ಲೊಚಗುಟ್ಟಿದರು. ನಾನು ಚಹಾ ಇಟ್ಟು ಬಂದೆ. ಈ ಸಲ ಕಣ್ಣೊರೆಸಿಕೊಳ್ಳುವಂಥದ್ದೇನೂ ಇರಲಿಲ್ಲ.