ಎಡಗಡೆಯ ಹೆಜ್ಜೆ ಸಪ್ಪಳ

ನನ್ನ ಗಂಡನಿಗೆ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ವಾರದ ರಜೆಯ ಮಧ್ಯಾಹ್ನ ಯಾದಗಿರಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು, ಬೇರೆ ಬೇರೆ ಊರಿನಲ್ಲಿರುವ ಕಾಲೇಜು ಗೆಳೆಯರೊಂದಿಗೆ ಗುಂಡು ಹಾರಿಸುವ ಆಟ ಆಡುತ್ತಾರೆ. ಅದರಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಗೋಡೆಯ ಆಚೆ ಬರುವವನ ಹೆಜ್ಜೆ ಯಾವ ಕಡೆ ಎಂದು ಗೊತ್ತಾಗದಿದ್ದರೆ ಆಟ ಮುಗಿದಂತೆ. ಇವರು ಪ್ರತಿ ಸಲ ಎಡಗಡೆಯಿಂದ ಬಂದವನ ಕೈಯಲ್ಲೇ ಸಾಯುತ್ತಿದ್ದರು.

“ಮಾವಾ, ಎಡಗಡಿ ಬಾಗ್ಲಾ ತಗದಿಟ್ಟು ಕುಂತೀಯೇನು?” ಎಂದು ಗೆಳೆಯರು ಕಾಡುತ್ತಿದ್ದರಂತೆ.

“ಈ ವೈರ್‌ಲೆಸ್ ಹೆಡ್‌ಫೋನಿಂದೇ ತಕರಾರು,” ಎಂದರು ನನಗೆ. “ಸಪ್ಪಳ ತಡಾ ಮಾಡಿ ಬರ್ತದ. ಎಡಗಡಿ ಅಂತೂ ಸತ್ತೇ ಹೋಗ್ಯಾದ. ವೈರಿಂದು ತಗೋತೀನಿ.”

“ವೈರು ಕುರ್ಚಿ ಗಾಲ್ಯಾಗ ಸಿಗ್ತದ ಅಂತ ನೀವೇ ಇದನ್ನ ತಂದೀರಲ್ರಿ?”

“ಆಗ ಬುದ್ಧಿ ಇರ್ಲಿಲ್ಲ, ಬಿಡು.”

ಪೇಟೆಯ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ವಯಸ್ಸಾದವರು, ಮಗನೊಂದಿಗೆ ಫೋನಿನಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ. ತಮ್ಮ ಕಂಪ್ಯೂಟರಿಗೆ ವೈರಿನ ಹೆಡ್‌ಫೋನು ಸಿಕ್ಕಿಸಿ ಕೊಟ್ಟರು.

“ಇದೂ ಎಡಗಡಿ ಸಣ್ಣಗ ಕೇಳಸ್ತದ,” ಎಂದರು ಇವರು.

ಇನ್ನೊಂದು ತೆಗೆದರು. ಅದೂ ಹಾಗೆಯೇ. ಅಂಗಡಿಯವರು ಹೆಡ್‌ಫೋನನ್ನು ಇವರ ತಲೆಯಿಂದ ತೆಗೆದು, ಬಲದ್ದು ಎಡಕ್ಕೆ ಬರುವಂತೆ ತಿರುಗಿಸಿ ಹಾಕಿದರು.

“ಈಗ ಯಾವ ಕಡಿ ಸಣ್ಣದೈತ್ರಿ?”

“ಈಗ್ಲೂ ಎಡಗಡಿನೇ.”

ಅಂಗಡಿಯವರು ವೈರು ಸುತ್ತುತ್ತಾ, “ಅಣ್ಣಾರ, ಇವತ್ತು ಯಾವುದೂ ಒಯ್ಯಬ್ಯಾಡ್ರಿ. ಮೊದ್ಲು ಕಿವಿ ತೋರಸ್ರಿ,” ಎಂದರು.

“ನಿಮಗ ವ್ಯಾಪಾರ ಬ್ಯಾಡೇನ್ರಿ?”

“ವ್ಯಾಪಾರ ಎಲ್ಲಿ ಓಡಿ ಹೋಗ್ತದ್ರಿ.”

ಇವರು ನಕ್ಕರು ಎಂದು ನನ್ನ ನೆನಪು. ಆದರೆ ಆ ನಗು ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಆ ದಿನದ ಡೈರಿಯಲ್ಲಿ ಇಷ್ಟೇ ಇದೆ: “ಹೆಡ್‌ಫೋನು ತರಲಿಲ್ಲ. ಮಿರ್ಚಿ ಭಜಿ ತಿಂದು ಬಂದೆವು.”

ಹಿಂದಿನ ಪುಟಗಳನ್ನು ತಿರುವಿದ್ದು ಆಮೇಲೆ. ನನ್ನ ತವರು ರಂಗಂಪೇಟೆ. ಮೋಟಾರ್ ಸೈಕಲ್ ಮೇಲೆ ಶಹಾಪುರದ ಮೂಲಕ ಹೋಗುತ್ತೇವೆ. ಸೀರೆಯುಟ್ಟು ಒಂದೇ ಕಡೆ ಕಾಲು ಬಿಟ್ಟು ಕುಳಿತರೆ ನನ್ನ ಮುಖ ಇವರ ಎಡಕಿವಿಯ ಹತ್ತಿರವೇ ಬರುತ್ತದೆ. ಒಂದು ಪುಟದಲ್ಲಿ ಬರೆದಿದ್ದೆ: “ಶಹಾಪುರ ದಾಟಿದ ಮೇಲೆ ಮೂರು ಸಲ ಕೇಳಿದೆ. ಉತ್ತರವಿಲ್ಲ. ನನ್ನ ತವರೆಂದರೆ ಇವರಿಗೆ ಇಷ್ಟವಿಲ್ಲ.” ಅಂಥ ಪುಟಗಳು ಇನ್ನೂ ಇದ್ದವು. ಗಾಳಿಯ ಸದ್ದಿಗೆ ಕೇಳಿಸಲಿಲ್ಲವೇನೋ ಎಂಬ ಅನುಮಾನವನ್ನೂ ಎಲ್ಲಿಯೂ ಬರೆದಿರಲಿಲ್ಲ. ಓದು ಬರಹ ಕಲಿತವಳು ನಾನು, ಒಬ್ಬರ ಮೌನಕ್ಕೆ ಒಂದೇ ಕಾರಣ ಹುಡುಕಿ, ಅದನ್ನೇ ವರ್ಷಗಟ್ಟಲೆ ನಂಬಿದ್ದೆ.

ಕಿವಿಯ ಡಾಕ್ಟರು ಎಡಗಡೆಯ ನರ ಸೊರಗಿದೆ ಎಂದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ, ಸದ್ದು ಸಣ್ಣದಿರಲಿ. ಮನೆಗೆ ಬಂದು ಇವರು ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದರು. ಎರಡು ರಜೆ ಹಾಗೇ ಹೋದವು. ಗೆಳೆಯರ ಕರೆಗೆ “ಕೆಲಸ ಐತಿ” ಎಂದರು. ಕೆಲಸವೇನೂ ಇರಲಿಲ್ಲ, ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ಮೂರನೆಯ ವಾರ ನಾನೊಬ್ಬಳೇ ಅದೇ ಅಂಗಡಿಗೆ ಹೋದೆ. ನನ್ನ ಯೋಚನೆ ಕೇಳಿ ಅಂಗಡಿಯವರು, “ಹಂಗಾದ್ರ ವೈರಿಂದೇ ಬರೋಬ್ಬರಿ ಅಕ್ಕಾರ. ಜೋಡಿ ಕೇಳಾಕ ಬರ್ತದ,” ಎಂದು ಎರಡು ಹೆಡ್‌ಫೋನು ಮತ್ತು ಎರಡನ್ನೂ ಒಂದೇ ತೂತಿಗೆ ಸೇರಿಸುವ ಕವಲು ವೈರು ಕೊಟ್ಟರು.

ರಜೆಯ ಮಧ್ಯಾಹ್ನ ಕಂಪ್ಯೂಟರಿನ ಬಟ್ಟೆ ತೆಗೆದು ಇವರನ್ನು ಕೂರಿಸಿ, ಇವರ ಎಡಗಡೆ ಕುರ್ಚಿ ಹಾಕಿಕೊಂಡು ಕುಳಿತೆ.

“ನಿನಗೇನು ತಿಳೀತದ ಆಟ?”

“ಆಟ ತಿಳ್ಯಾಂಗಿಲ್ರಿ. ಹೆಜ್ಜಿ ತಿಳೀತದ.”

ಎಡಗಡೆ ಹೆಜ್ಜೆ ಕೇಳಿದರೆ ತೋಳು ತಟ್ಟುವುದು ನನ್ನ ಕೆಲಸ. ಮೊದಮೊದಲು ನನ್ನ ಕೈ ತಡವಾಯಿತು, ಎರಡು ಸಲ ಸತ್ತರು. ವೈರು ಎಳೆದು ಇಬ್ಬರ ತಲೆಯೂ ಒಂದೇ ಕಡೆ ವಾಲಿತು. ಆಮೇಲೆ ಎಡಗಡೆ ಒಣ ಎಲೆ ತುಳಿದ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. ಇವರ ಎಡತೋಳು ತಟ್ಟಿದೆ. ತಿರುಗಿ ಹೊಡೆದರು.

“ಮಾವಾ, ಬಾಗ್ಲಾ ಯಾರು ಹಾಕಿದ್ರೋ?” ನನ್ನ ಕಿವಿಯಲ್ಲೂ ಗೆಳೆಯನ ದನಿ.

“ನಮ್ಮ ಮನ್ಯಾಕಿ,” ಎಂದರು.

ಆಟ ಮುಗಿದ ಮೇಲೆ ಬಲಗಡೆಗೆ ಹೋಗಿ ನಿಂತು ಡೈರಿಯ ಆ ಪುಟವನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅವತ್ತು ಏನು ಕೇಳಿದ್ದಿ? ಈಗ ಕೇಳು, ಹೇಳ್ತೀನಿ,” ಎಂದರು.

ನೆನಪಿಗೆ ಬರಲಿಲ್ಲ. ಪುಟವನ್ನು ಮತ್ತೊಮ್ಮೆ ಓದಿದೆ. ಮೂರು ಸಲ ಕೇಳಿದ್ದನ್ನು ಬರೆದಿದ್ದೆ, ಏನು ಕೇಳಿದೆ ಎಂದು ಬರೆದಿರಲಿಲ್ಲ.