ಉಸಿರಾಡಿದ ಸಿಪಾಯಿ

ಗಂಜಿ ಹಾಕಿ ಬಿಸಿಲಿಗೆ ಹರವಿದ ನೂಲಿನ ಹುಳಿವಾಸನೆ ಎಲ್ಲಿ ಬಡಿದರೂ ಬೆಟಗೇರಿಯ ನಮ್ಮ ಮನೆ ಕಣ್ಣೆದುರು ನಿಲ್ಲುತ್ತದೆ. ಶಾಲೆ ಅರ್ಧಕ್ಕೆ ಬಿಟ್ಟು ಮಗ್ಗಕ್ಕೆ ಕೂತವನು ನಾನು. ದುಡಿದು ಉಂಡಿದ್ದೇನೆ, ಯಾರ ಮಾತನ್ನೂ ಸುಮ್ಮನೆ ನಂಬಿದವನಲ್ಲ. ಆ ಗುಣ ನನಗೆ ಚಿಗವ್ವನಿಂದ ಬಂತು. ಅವಳ ಗಂಡ, ನನ್ನ ಕಾಕಾ, ಸಿಪಾಯಿಯಾಗಿ ಹೋದವನು ಗಡಿಯಲ್ಲಿ ತೀರಿಕೊಂಡನೆಂದು ತಂತಿ ಬಂತು, ಹೆಣ ಬರಲಿಲ್ಲ. ತಂತಿ ತಂದವನನ್ನೇ ಅವಳು ಕಳ್ಳನನ್ನು ನೋಡಿದಂತೆ ನೋಡಿದ್ದಳು. ಅವಳಿಗೆ ಇನ್ನೂ ಸಣ್ಣ ವಯಸ್ಸು, ಬಾಳು ಹಾಳಾಗಬಾರದೆಂದು ಅಜ್ಜನ ಹಟ. ಮಧ್ಯಾಹ್ನ ಹೆಂಗಸರು ಕಂಡಿಕೆಗೆ ನೂಲು ಸುತ್ತುತ್ತ ಕೂತಾಗ ಗಂಡ ಸತ್ತದ್ದು ಅವಳಿಗೆ ಮನದಟ್ಟಾಗಲೆಂದು ಅಜ್ಜ ಯುದ್ಧದ ಕಾದಂಬರಿಯೊಂದನ್ನು ಓದಿ ಹೇಳಿದ. ಕೊನೆಗೆ ಅದರ ಸಿಪಾಯಿ ಸತ್ತಾಗ ಚಿಗವ್ವ ಮೊದಲ ಸಲ ಬಾಯಿಬಿಟ್ಟು ಅತ್ತಳು. ಲಕ್ಷ್ಮೇಶ್ವರದ ಗಂಡಿನೊಂದಿಗೆ ಉಡಿಕಿಗೆ, ಅಂದರೆ ಮರುಮದುವೆಗೆ, ಹೂಂ ಅಂದಳು.

ಅಷ್ಟರಲ್ಲಿ ಅದೇ ಕಾದಂಬರಿಯ ಹಳೆಯ ಸಿನಿಮಾ ಗದುಗಿನ ಟಾಕೀಜಿಗೆ ಮತ್ತೆ ಬಂತು. ಅವಳ ಮನಸ್ಸು ಇನ್ನಷ್ಟು ಗಟ್ಟಿಯಾಗಲೆಂದು ಅಜ್ಜ ಎಲ್ಲರನ್ನೂ ಹೊರಡಿಸಿದ. “ಅಳಾಕ ಟಿಕೀಟ ಯಾಕ? ಮನ್ಯಾಗ ಪುಕ್ಕಟ ಅಳಬಹುದಲ್ಲ,” ಎಂದು ಅಜ್ಜಿ ಚುಚ್ಚಿದಳು. ಪರದೆಯ ಮೇಲೆ ಸಿಪಾಯಿ ಬಿದ್ದ. ಬೀಡಿ ಹೊಗೆಯ ನಡುವೆ ಸುತ್ತ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಚಿಗವ್ವ ಮಾತ್ರ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ, ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಮನೆಗೆ ಬಂದವಳೇ ಅಂದಳು: “ಮಾವಾರ, ಅಂವ ಸತ್ತಿಲ್ರಿ. ಎದಿ ಏರಿಳಿತಿತ್ತು.”

“ಅದು ಆಟ ಐತೆವ್ವಾ, ಖರೆ ಅಲ್ಲ,” ಎಂದ ಅಜ್ಜ.

“ನಾನೂ ಅದನ್ನ ಹೇಳಾಕತ್ತೇನ್ರಿ. ಅಷ್ಟು ಮಂದಿ ಕಣ್ಣಮುಂದ ಸತ್ತಾನಂತ ತೋರಸ್ತಾರ, ಅಂವ ಉಸಿರಾಡ್ತಾನ. ನಮಗರ ಬರೇ ಒಂದು ಕಾಗದಾ ತೋರಸ್ಯಾರ. ಉಡಿಕಿ ಬ್ಯಾಡ್ರಿ.”

“ಹುಚ್ಚಿ!” ಎಂದಳು ಅಜ್ಜಿ. ಮರುದಿನ ಅಜ್ಜ ಸಿಟ್ಟಿನಿಂದ ರುಮಾಲು ಸುತ್ತಿಕೊಂಡು ಒಬ್ಬನೇ ಅದೇ ಸಿನಿಮಾಕ್ಕೆ ಹೋದ. ತಿರುಗಿ ಬಂದವನೇ ಲಕ್ಷ್ಮೇಶ್ವರಕ್ಕೆ ಬೇಡವೆಂದು ಹೇಳಿಕಳಿಸಿದ. ಆ ಸಲ ಮಹಾನವಮಿ ಅಮಾವಾಸ್ಯೆಗೆ ತೀರಿಕೊಂಡವರ ಹೆಸರು ಹೇಳಿ ಎಡೆ ಇಡುವಾಗ ಮಗನ ಹೆಸರು ಹೇಳಲಿಲ್ಲ.

ಈಗ ಆ ಮಗ್ಗಗಳಿಲ್ಲ. ಮನೆಯಿದ್ದ ಜಾಗದಲ್ಲಿ ಯಾರದೋ ಅಂಗಡಿ. ಅಜ್ಜ, ಅಜ್ಜಿ, ಉಡಿಕಿ ಬೇಡವೆಂದ ದಿನ ಮುತ್ತೈದೆಯಂತೆ ತೊಟ್ಟ ಹಸಿರು ಬಳೆ ಕೊನೆಯವರೆಗೂ ತೆಗೆಯದ ಚಿಗವ್ವ, ಎಲ್ಲರಿಗೂ ನಾನೇ ಎಡೆ ಇಡುತ್ತೇನೆ. ಕಾಕಾ ಆಗ ಬದುಕಿ ಉಳಿದಿದ್ದರೂ ಇಷ್ಟು ವಯಸ್ಸಿಗೆ ಇರಲಾರ, ಆ ಲೆಕ್ಕ ನನಗೆ ಬಾರದೆ ಇಲ್ಲ. ಹೀಗೆ ಹೋದವರು ನಿಮ್ಮಲ್ಲೂ ಇದ್ದರೆ ನಿಮಗೆ ತಿಳಿದೀತು. ಅವನ ಹೆಸರಿಗೆ ಬಂದಾಗ ಕೈ ತಡೆಯುತ್ತದೆ. ಅವನಿಗೆ ಇನ್ನೂ ಎಲೆ ಹಾಕಿಲ್ಲ.